ಎಐ ಕಾಲದಲ್ಲಿ ಮೊದಲ ಕೆಲಸ: ತುಮಕೂರಿನ ಸಿಎಸ್ ಪದವೀಧರರಿಗೆ ಯಾವ ದಾರಿ ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ. "ಎಐ ಮುಟ್ಟದ ಕೆಲಸ ಯಾವುದು" ಎಂದು ಹುಡುಕುತ್ತಾ ಕೂತರೆ ದಾರಿ ಸಿಗುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಮಾಡುವ ಎಲ್ಲ ಕೆಲಸಕ್ಕೂ ಅದು ಸ್ವಲ್ಪವಾದರೂ ಕೈ ಹಾಕಿದೆ. ಮೊದಲ ವರ್ಷದ ಪ್ಯಾಕೇಜ್ ನೋಡಿ ಆರಿಸುವುದೂ ಅಷ್ಟಕ್ಕಷ್ಟೇ. ನಾಲ್ಕನೇ ವರ್ಷ ಕೆಲಸ ಬದಲಿಸಲು ಹೋದಾಗ ಆ ಅಂಕಿ ನಿಮ್ಮನ್ನು ಕಾಪಾಡುವುದಿಲ್ಲ. ಹಾಗಾಗಿ ಇಲ್ಲಿ ಪ್ರತಿ ದಾರಿಯನ್ನೂ ಬೇರೆ ಒಂದು ಪ್ರಶ್ನೆ ಹಿಡಿದು ನೋಡಿದ್ದೇನೆ: ಆ ಜಾಗದಲ್ಲಿ ನಿಮ್ಮ ತಪ್ಪನ್ನು ಯಾರು ನೋಡುತ್ತಾರೆ?

ಇದನ್ನು ಬರೆದಿರುವುದು ಎಸ್‌ಐಟಿ, ಎಸ್‌ಎಸ್‌ಐಟಿ ಮತ್ತು ಜಿಲ್ಲೆಯ ಬೇರೆ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ (ಸಿಎಸ್) ಬಿಇ ಓದಿದವರಿಗೆ, ತುಮಕೂರು ವಿಶ್ವವಿದ್ಯಾಲಯದ ಬಿಸಿಎ ಮುಗಿಸಿದವರಿಗೆ. ಮನೆಯಲ್ಲಿ ಕೂತು ದಿನಾ ವಾಟ್ಸಾಪ್‌ನಲ್ಲಿ "ಸಾಫ್ಟ್‌ವೇರ್ ಕಥೆ ಮುಗೀತು" ಎಂಬ ವಿಡಿಯೋ ಕಳಿಸುವ ಅಪ್ಪಂದಿರೂ ಓದಬಹುದು.

ನಿಜವಾಗಿ ಏನು ಬದಲಾಗಿದೆ

ಫ್ರೆಷರ್‌ಗಳಿಗೆ ಕೆಲಸ ಕಡಿಮೆ ಆಗಿದ್ದಕ್ಕೆ ಎಐ ಒಂದೇ ಕಾರಣ ಅಲ್ಲ. ಕೊರೊನಾ ನಂತರ 2021-22ರಲ್ಲಿ ಕಂಪನಿಗಳು ಸಿಕ್ಕಸಿಕ್ಕವರನ್ನೆಲ್ಲ ತೆಗೆದುಕೊಂಡವು. ಆಮೇಲೆ ಅಮೆರಿಕದಲ್ಲಿ ಬಡ್ಡಿದರ ಏರಿತು, ಅಲ್ಲಿನ ಗ್ರಾಹಕರು ಖರ್ಚಿಗೆ ಕತ್ತರಿ ಹಾಕಿದರು. ಅದೇ ಹೊತ್ತಿಗೆ, 2022ರ ನವೆಂಬರ್ 30ಕ್ಕೆ, ಚಾಟ್‌ಜಿಪಿಟಿ ಬಂತು. ಮೂರೂ ಒಂದರ ಮೇಲೊಂದು ಬಿದ್ದವು. ಇತ್ತ ನಮ್ಮಲ್ಲಿ ಸೀಟುಗಳು ಕಡಿಮೆಯಾಗಲಿಲ್ಲ. 2024-25ರಿಂದ ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ ತೆಗೆದುಹಾಕಿತು. ಆ ವರ್ಷ ಸೇರಿದವರು 2028ಕ್ಕೆ ಹೊರಗೆ ಬರುತ್ತಾರೆ. ಸಿವಿಲ್, ಮೆಕ್ಯಾನಿಕಲ್ ಕ್ಲಾಸುಗಳು ಖಾಲಿ ಹೊಡೆಯುತ್ತಿರುವಾಗ ಸಿಎಸ್‌ಗೆ ಮತ್ತೊಂದು ಸೆಕ್ಷನ್ ಶುರುವಾಗುವುದನ್ನು ನೀವೇ ನೋಡಿರುತ್ತೀರಿ.

2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಜೊತೆಗಾರರು ಅಮೆರಿಕದ ಸಂಬಳದ ದಾಖಲೆಗಳನ್ನು ಹಿಡಿದು ಒಂದು ಲೆಕ್ಕ ಹಾಕಿದರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಸಂಖ್ಯೆ 2022ರ ಕೊನೆಯಲ್ಲಿ ಇದ್ದದ್ದಕ್ಕಿಂತ ಸುಮಾರು 20 ಶೇಕಡಾ ಇಳಿದಿತ್ತು. ಅದೇ ಕೆಲಸದಲ್ಲಿರುವ ಹೆಚ್ಚು ವಯಸ್ಸಿನವರಿಗೆ ಈ ಏಟು ಬಿದ್ದಿರಲಿಲ್ಲ. ಅದು ಅಲ್ಲಿನ ಲೆಕ್ಕ. ಆದರೆ ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ನಮ್ಮ ಸರ್ವೀಸ್ ಕಂಪನಿಗಳಿಗೆ ಕೆಲಸ ಕೊಡುವವರೂ ಅಲ್ಲಿನವರೇ ಅಲ್ವಾ?

ಇನ್ನೊಂದು ಕಡೆಯ ಸುದ್ದಿಯೂ ಇದೆ. 2025ರ ಜುಲೈನಲ್ಲಿ ಮೀಟರ್ (METR) ಎಂಬ ಸಂಶೋಧನಾ ಸಂಸ್ಥೆ 16 ಅನುಭವಿ ಡೆವಲಪರ್‌ಗಳಿಗೆ 246 ಕೆಲಸ ಕೊಟ್ಟು ಪರೀಕ್ಷೆ ಮಾಡಿತು. ತಾವು ವರ್ಷಗಟ್ಟಲೆ ನೋಡಿಕೊಂಡ ಪ್ರಾಜೆಕ್ಟಿನಲ್ಲೇ ಕೆಲಸ. ಎಐ ಬಳಸಿದಾಗ ಅವರು 19 ಶೇಕಡಾ ನಿಧಾನವಾದರು. ಮುಗಿದ ಮೇಲೆ ಕೇಳಿದರೆ, ಎಐ ಇಂದ ತಮ್ಮ ಕೆಲಸ 20 ಶೇಕಡಾ ಬೇಗ ಆಯಿತು ಎಂದೇ ಅವರು ಅಂದುಕೊಂಡಿದ್ದರು! ಕಾರಣ ಸುಲಭ. ಎಐ ಕೋಡ್ ಬರೆದು ಕೊಡುತ್ತದೆ, ಆದರೆ ಅದನ್ನು ಓದಿ, ಸರಿಪಡಿಸಿ, ಹಳೆಯದಕ್ಕೆ ಹೊಂದಿಸುವುದಕ್ಕೆ ಹೊತ್ತು ಬೇಕು. ಎಐ ಮಾದರಿಗಳು ಅಂದಿನಿಂದ ಇನ್ನೂ ಚುರುಕಾಗಿವೆ. ಓದಿ ಒಪ್ಪುವ ಕೆಲಸ ಮಾತ್ರ ಮನುಷ್ಯನ ತಲೆ ಮೇಲೇ ಉಳಿದಿದೆ.

ಈಗ ನಮ್ಮ ಕಡೆಗೆ ಬನ್ನಿ. ಸರ್ವೀಸ್ ಕಂಪನಿಗಳು ಬೆಳೆದದ್ದು ತಲೆ ಲೆಕ್ಕದ ಮೇಲೆ. ಕೆಳಗೆ ನೂರಾರು ಫ್ರೆಷರ್, ಮೇಲೆ ಕೆಲವೇ ಅನುಭವಿಗಳು. ಫ್ರೆಷರ್‌ಗೆ ಸಣ್ಣ ಬಗ್, ಟೆಸ್ಟ್ ಕೇಸ್, ಫಾರಂ ಪೇಜ್, ರಿಪೋರ್ಟ್ ಕೊಡುತ್ತಿದ್ದರು. ಅವನು ತಪ್ಪು ಮಾಡುತ್ತಿದ್ದ, ಸೀನಿಯರ್ ಬೈದು ತಿದ್ದುತ್ತಿದ್ದರು, ಎರಡು ವರ್ಷದಲ್ಲಿ ಪಳಗುತ್ತಿದ್ದ. ಎಐ ಮೊದಲು ಎತ್ತಿಕೊಂಡು ಹೋದದ್ದು ಆ ಸಣ್ಣ ಕೆಲಸಗಳನ್ನೇ. ಯಾಕೆಂದರೆ ಪುಸ್ತಕದಲ್ಲಿ, ಇಂಟರ್ನೆಟ್‌ನಲ್ಲಿ ಬರೆದಿಟ್ಟ ವಿದ್ಯೆ ಅದಕ್ಕೆ ಸಲೀಸು. ಅನುಭವಿಯ ತಲೆಯಲ್ಲಿ ಮಾತ್ರ ಇರುವ "ಈ ಗ್ರಾಹಕರು ತಿಂಗಳ ಕೊನೆಗೆ ಹೀಗೆ ಮಾಡ್ತಾರೆ, ಅಲ್ಲಿ ಕೈ ಹಾಕ್ಬೇಡ" ಎಂಬ ತಿಳಿವಳಿಕೆ ಅದಕ್ಕೆ ಸಿಗುವುದಿಲ್ಲ. ಹೀಗಾಗಿ ಕಲಿಯುವ ಮೆಟ್ಟಿಲೇ ಮುರಿದಿದೆ. ಸಂಬಳ ಕೊಡುವ ಜಾಗ ಸಿಗಬಹುದು. ನಿಮ್ಮ ಕೆಲಸವನ್ನು ಕೂತು ನೋಡಿ, "ಇದು ಯಾಕೆ ಹೀಗೆ?" ಎಂದು ಕೇಳುವ ಜನ ಇರುವ ಜಾಗ ಅಪರೂಪ. ನಾನು ಆ ಪ್ರಶ್ನೆಯನ್ನೇ ಹಿಡಿದಿರುವುದು ಇದಕ್ಕೆ.

ದೊಡ್ಡ ಸರ್ವೀಸ್ ಕಂಪನಿಯೋ, ಜಿಸಿಸಿಯೋ?

ಟಿಸಿಎಸ್‌ನಂಥ ಕಂಪನಿಗಳಲ್ಲಿ ಫ್ರೆಷರ್‌ಗಳ ಒಳಗೇ ಜಾತಿ ಇದೆ. ನಿಂಜಾ ಎಂಬ ಹಂತಕ್ಕೆ ವರ್ಷಕ್ಕೆ 3.36 ಲಕ್ಷ, ಡಿಜಿಟಲ್ ಹಂತಕ್ಕೆ 7 ಲಕ್ಷ ಎಂಬ ಲೆಕ್ಕ ವರ್ಷಗಳಿಂದ ನಡೆದುಬಂದಿದೆ. ಕೆಳಗಿನ ಹಂತದ ಸಂಬಳ ಹತ್ತು ಹದಿನೈದು ವರ್ಷದಿಂದ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿದೆ. ಪಿಎಫ್ ಕಳೆದು ಕೈಗೆ ಬರುವುದು ತಿಂಗಳಿಗೆ 25 ಸಾವಿರಕ್ಕಿಂತ ಕಡಿಮೆ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ.

2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ 2 ಶೇಕಡಾ, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದು ಹೆಚ್ಚಾಗಿ ಮಧ್ಯದ ಮತ್ತು ಮೇಲಿನ ಹಂತದವರಿಗೆ ತಗಲುವುದು ಎಂದೂ ಹೇಳಿತ್ತು. ಇದನ್ನು ಕೇಳಿ "ಹಾಗಾದ್ರೆ ಫ್ರೆಷರ್ ಸೇಫ್" ಎಂದುಕೊಳ್ಳಬೇಡಿ. ಒಂದೇ ಕೆಲಸವನ್ನು ಹತ್ತು ವರ್ಷ ಮಾಡಿ ಮ್ಯಾನೇಜರ್ ಆದವರ ಕಷ್ಟ ಅದು. ಹತ್ತು ವರ್ಷದ ನಂತರ ನೀವು ಅಲ್ಲೇ ನಿಂತಿರಬಾರದು.

ಇಷ್ಟಾದರೂ ದೊಡ್ಡ ಸರ್ವೀಸ್ ಕಂಪನಿಯನ್ನು ನಾನು ತಳ್ಳಿಹಾಕುವುದಿಲ್ಲ. ತರಬೇತಿ ಕೊಡುತ್ತಾರೆ. ಪಿಎಫ್, ವಿಮೆ ಇರುತ್ತದೆ. ಹೆಸರು ರೆಸ್ಯೂಮ್‌ಗೆ ಬೀಳುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಓದಿಸಿದ ಮನೆಗೆ ಇದೇನು ಸಣ್ಣದಲ್ಲ. ತೊಂದರೆ ಇರುವುದು ಪ್ರಾಜೆಕ್ಟ್ ಕೊಡದೆ ಬೆಂಚ್‌ನಲ್ಲಿ ಕೂರಿಸಿದಾಗ, ಇಲ್ಲವೇ ಪಾಸ್‌ವರ್ಡ್ ರೀಸೆಟ್ ಮಾಡುವ ಸಪೋರ್ಟ್ ಪ್ರಾಜೆಕ್ಟಿಗೆ ಹಾಕಿದಾಗ. ಅಲ್ಲಿ ನಿಮ್ಮ ತಪ್ಪನ್ನು ನೋಡುವವರು ಯಾರೂ ಇರುವುದಿಲ್ಲ, ಯಾಕೆಂದರೆ ತಪ್ಪಾಗುವಂಥ ಕೆಲಸವೇ ಇರುವುದಿಲ್ಲ. ಅಂಥ ಪ್ರಾಜೆಕ್ಟ್ ಸಿಕ್ಕರೆ ಒಂದು ವರ್ಷ ಕೊಡಿ. ಅಷ್ಟರಲ್ಲಿ ಒಳಗೇ ಬೇರೆ ಪ್ರಾಜೆಕ್ಟಿಗೆ ಹಾರಲು ಪರೀಕ್ಷೆ ಬರೆಯಿರಿ. ಬಾಂಡ್ ಪತ್ರಕ್ಕೆ ಸಹಿ ಹಾಕುವ ಮುಂಚೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಹಣ ಕಟ್ಟಬೇಕು, ಎರಡನ್ನೂ ಓದಿ.

ಜಿಸಿಸಿ ಅಂದರೆ ವಿದೇಶಿ ಬ್ಯಾಂಕು, ಅಂಗಡಿ ಸರಣಿ, ಔಷಧ ಕಂಪನಿಗಳು ಇಲ್ಲಿ ನಡೆಸುವ ಅವರದ್ದೇ ಕಚೇರಿ. 2024ರ ನ್ಯಾಸ್‌ಕಾಮ್ ವರದಿ ಪ್ರಕಾರ ದೇಶದಲ್ಲಿ 1,700ಕ್ಕೂ ಹೆಚ್ಚು ಇವೆ, 19 ಲಕ್ಷ ಜನ ಕೆಲಸ ಮಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬೆಂಗಳೂರಿನಲ್ಲೇ. 2029ರ ಹೊತ್ತಿಗೆ ಇನ್ನೂ 500 ತರಬೇಕು ಎಂದು ರಾಜ್ಯ ಸರ್ಕಾರ ಒಂದು ನೀತಿಯನ್ನೇ ಮಾಡಿದೆ. ಸಂಬಳ ಜಾಸ್ತಿ. ಕೋಡ್ ರಿವ್ಯೂ, ಅಂದರೆ ನೀವು ಬರೆದ ಕೋಡನ್ನು ಇನ್ನೊಬ್ಬರು ಓದಿ ತಿದ್ದುವುದು, ಗಟ್ಟಿ. ಒಂದು ಲೆಕ್ಕದ ಸೂತ್ರ ತಪ್ಪಿದರೆ ಅವರದ್ದೇ ಹಣ ಹೋಗುತ್ತದೆ, ಹಾಗಾಗಿ ನೋಡಿಯೇ ನೋಡುತ್ತಾರೆ. ನನ್ನ ಪ್ರಶ್ನೆಗೆ ಅತಿ ಒಳ್ಳೆಯ ಉತ್ತರ ಸಿಗುವುದು ಇಲ್ಲೇ. ಆದರೆ ಫ್ರೆಷರ್‌ಗಳನ್ನು ಕಡಿಮೆ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡರೂ ಇಂಟರ್ನ್‌ಶಿಪ್ ಮೂಲಕವೇ ಜಾಸ್ತಿ. ಆರನೇ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಸರ್ಟಿಫಿಕೇಟನ್ನು ದುಡ್ಡು ಕೊಟ್ಟು ತಂದುಕೊಂಡವರು ಈ ಬಾಗಿಲನ್ನು ತಾವೇ ಮುಚ್ಚಿಕೊಂಡ ಹಾಗೆ.

ಸಣ್ಣ ಕಂಪನಿ, ಸ್ಟಾರ್ಟ್‌ಅಪ್

ಹತ್ತಿಪ್ಪತ್ತು ಜನರ ಕಂಪನಿಗಳಲ್ಲಿ ಎರಡು ತರಹ ಇರುತ್ತವೆ. ಒಂದರಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಒಬ್ಬರು ಮುಂದೆ ಕೂತು ಎಲ್ಲವನ್ನೂ ನೋಡುತ್ತಾರೆ. ಅಲ್ಲಿ ಒಂದು ವರ್ಷದಲ್ಲಿ ಕಲಿಯುವುದು ಬೇರೆ ಕಡೆ ಮೂರು ವರ್ಷಕ್ಕೂ ಬರುವುದಿಲ್ಲ. ಇನ್ನೊಂದರಲ್ಲಿ ಎಲ್ಲರೂ ಫ್ರೆಷರ್‌ಗಳೇ. ಎಐ ಬರೆದದ್ದನ್ನು ಎತ್ತಿ ಹಾಕುತ್ತಾ ಹೋಗುತ್ತಾರೆ. ಡೆಮೋ ಚೆನ್ನಾಗಿ ಓಡುತ್ತದೆ. ನಿಜವಾದ ಗ್ರಾಹಕರು ಬಂದ ದಿನ ಬಿದ್ದುಹೋಗುತ್ತದೆ, ಯಾಕೆ ಬಿತ್ತು ಎಂದು ಹೇಳುವವರಿಲ್ಲ.

ಎರಡನ್ನೂ ಬೇರೆ ಮಾಡಿ ಗುರುತಿಸಲು ಇಂಟರ್‌ವ್ಯೂನಲ್ಲೇ ಕೇಳಿ. "ನಾನು ಬರೆದ ಕೋಡ್ ಯಾರು ನೋಡ್ತಾರೆ, ಸರ್?" ಹೆಸರು ಹೇಳಿದರೆ ಒಳ್ಳೆಯದು. "ನಮ್ಮಲ್ಲಿ ಎಲ್ರೂ ಓನರ್‌ಗಳೇ" ಎಂದು ನಕ್ಕರೆ ಹುಷಾರು. "ಎಐ ಟೂಲ್ ಬಳಸಬಹುದಾ? ಗ್ರಾಹಕರ ಡೇಟಾ ಅದರಲ್ಲಿ ಹಾಕಬಹುದಾ?" ಎಂದೂ ಕೇಳಿ. ಇದಕ್ಕೆ ಸ್ಪಷ್ಟ ಉತ್ತರ ಇಲ್ಲದ ಕಂಪನಿ ಆ ಬಗ್ಗೆ ಯೋಚನೆಯನ್ನೇ ಮಾಡಿಲ್ಲ ಎಂದರ್ಥ. ಸ್ಯಾಮ್‌ಸಂಗ್‌ನಂಥ ಕಂಪನಿಯಲ್ಲೇ 2023ರಲ್ಲಿ ನೌಕರರು ಒಳಗಿನ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿ, ಆಮೇಲೆ ಕಂಪನಿ ಅದನ್ನು ನಿಷೇಧಿಸಬೇಕಾಯಿತು.

ಸಂಬಳ ಮೂರು ತಿಂಗಳು ತಡ ಮಾಡಿದ ಕಂಪನಿ ನಾಲ್ಕನೇ ತಿಂಗಳು ಒಟ್ಟಿಗೆ ಕೊಡುತ್ತದೆ ಎಂದು ನಂಬಿ ಕೂರಬೇಡಿ. ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ದಿನಾ ಓಡಾಡುವುದೋ, ಪಿಜಿಯೋ?

ಇದು ಕೆಲಸದಷ್ಟೇ ದೊಡ್ಡ ಪ್ರಶ್ನೆ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಕಚೇರಿ ಪೀಣ್ಯ, ಯಶವಂತಪುರ, ರಾಜಾಜಿನಗರದ ಕಡೆ ಇದ್ದರೆ ರೈಲಿನಲ್ಲೋ ಬಸ್ಸಿನಲ್ಲೋ ಓಡಾಡಬಹುದು, ಸಾವಿರಾರು ಜನ ಓಡಾಡುತ್ತಿದ್ದಾರೆ. 2024ರ ನವೆಂಬರ್‌ನಿಂದ ಹಸಿರು ಮೆಟ್ರೋ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. 2025ರ ಆಗಸ್ಟ್‌ನಿಂದ ಆರ್‌ವಿ ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೂ ಹೋಗಬಹುದು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಮನೆ ಬಾಗಿಲಿನಿಂದ ಸೀಟಿನವರೆಗೆ ಹತ್ತಿರ ಹತ್ತಿರ ಮೂರು ಗಂಟೆ, ವಾಪಸ್ ಇನ್ನು ಮೂರು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಆದರೆ ಪಿಜಿ ಹಿಡಿಯಿರಿ, ಹೋಗಲಿ ಅತ್ಲಾಗೆ. ಆರು ಗಂಟೆ ಪ್ರಯಾಣ ಮಾಡಿದವರು ಮನೆಗೆ ಬಂದು ಹೊಸದೇನೂ ಕಲಿಯುವುದಿಲ್ಲ, ಊಟ ಮಾಡಿ ಮಲಗುತ್ತಾರೆ. ವಾರಕ್ಕೆ ಎರಡೋ ಮೂರೋ ದಿನ ಮಾತ್ರ ಕಚೇರಿ ಎನ್ನುವ ಕಂಪನಿ ಸಿಕ್ಕರೆ, ಸಂಬಳ ಸ್ವಲ್ಪ ಕಡಿಮೆ ಇದ್ದರೂ ತುಮಕೂರಿನವರಿಗೆ ಲಾಭವೇ.

ವಸಂತನರಸಾಪುರ: ಸಿಎಸ್‌ನವರು ತಿರುಗಿಯೂ ನೋಡದ ದಾರಿ

ಶಿರಾ ರಸ್ತೆಯಲ್ಲಿ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಫುಡ್ ಪಾರ್ಕ್ 2014ರಲ್ಲೇ ಉದ್ಘಾಟನೆ ಆಯಿತು. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಟೌನ್‌ಶಿಪ್ ಕೂಡ ಅಲ್ಲಿಗೇ ಬರುತ್ತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಶುರುವಾಯಿತು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಇವೆಲ್ಲ ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರ ಜಾಗ ಎಂದು ಸಿಎಸ್‌ನವರು ಸುಮ್ನೆ ಬಿಟ್ಟುಬಿಡುತ್ತಾರೆ.

ಕಾರ್ಖಾನೆಯ ಒಳಗೆ ಹೋಗಿ ನೋಡಿ. ಯಂತ್ರ ನಡೆಸುವುದು ಪಿಎಲ್‌ಸಿ, ಅದರ ಅಂಕಿಗಳನ್ನು ಪರದೆ ಮೇಲೆ ತೋರಿಸುವುದು ಸ್ಕಾಡಾ, ಸ್ಟಾಕ್ ಲೆಕ್ಕಕ್ಕೆ ಇಆರ್‌ಪಿ. ಮೂರೂ ಒಂದಕ್ಕೊಂದು ಮಾತಾಡುವುದಿಲ್ಲ. ಶಿಫ್ಟ್ ಸೂಪರ್‌ವೈಸರ್ ನಡುವೆ ಕೂತು ಎಕ್ಸೆಲ್ ತುಂಬಿಸುತ್ತಿರುತ್ತಾರೆ. ನೆಟ್‌ವರ್ಕ್, ಡೇಟಾಬೇಸ್, ಪೈಥಾನ್ ಗೊತ್ತಿರುವ ಒಬ್ಬರು ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಲ್ಯಾಡರ್ ಲಾಜಿಕ್ ಸ್ವಲ್ಪ ಕಲಿತರೆ ಅಲ್ಲಿ ಬೆಲೆ ಬರುತ್ತದೆ. ಕ್ಯಾಮೆರಾ ಇಟ್ಟು ಕೆಟ್ಟ ಪ್ಯಾಕೆಟ್ ಆರಿಸುವುದು, ಮೋಟರ್‌ನ ಕಂಪನ ನೋಡಿ ಯಾವಾಗ ಕೆಡಬಹುದು ಎಂದು ಹೇಳುವುದು, ಎಐ ಕೆಲಸ ಇಲ್ಲೂ ಇದೆ.

ತಪ್ಪನ್ನು ಯಾರು ನೋಡುತ್ತಾರೆ? ಯಂತ್ರ. ಅದೂ ಆ ಕ್ಷಣವೇ. ಲೈನ್ ನಿಂತರೆ ಫೋರ್‌ಮನ್‌ನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ಬಂದು ನಿಲ್ಲುತ್ತಾರೆ. ಎಐ ಕೊಟ್ಟ ಕೋಡನ್ನು ಓದದೆ ಹಾಕುವ ಚಟ ಅಲ್ಲಿ ಬೇಗ ಬಿಟ್ಟುಹೋಗುತ್ತದೆ.

ಕಷ್ಟಗಳೂ ಇವೆ. ಆರಂಭದ ಸಂಬಳ ಐಟಿಗಿಂತ ಕಡಿಮೆ. ಶಿಫ್ಟ್ ಇರುತ್ತದೆ. ನಿಮ್ಮ ಕೆಲಸದ ಹೆಸರು "ಮೇಂಟೆನೆನ್ಸ್" ಎಂದಿರುತ್ತದೆ, ಮದುವೆ ಮಾತುಕತೆಯಲ್ಲಿ ವಿವರಿಸಬೇಕಾಗುತ್ತದೆ. ಒಳಗೆ ಹೋಗಲು ಸುಲಭದ ಬಾಗಿಲು ಅಪ್ರೆಂಟಿಸ್‌ಶಿಪ್. ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಪದವೀಧರರಿಗೆ ಸರ್ಕಾರ ಗೊತ್ತುಮಾಡಿದ ತಿಂಗಳ ಕನಿಷ್ಠ ಸ್ಟೈಪೆಂಡ್‌ಗಿಂತ ಕಡಿಮೆ ಕೊಡುವಂತಿಲ್ಲ. ಹಣ ಕಡಿಮೆ, ಹೌದು. ಮನೆಯಲ್ಲೇ ಇದ್ದು ಒಂದು ವರ್ಷ ನಿಜವಾದ ಯಂತ್ರದ ಮುಂದೆ ನಿಲ್ಲಲು ಸಿಗುತ್ತದಲ್ಲ.

ತುಮಕೂರಿನವರಿಗೆ ಎಚ್‌ಎಂಟಿ ವಾಚ್ ಕಾರ್ಖಾನೆಯ ಕಥೆ ಗೊತ್ತು. ಕಣ್ಣಿಗೆ ಗಾಜು ಹಾಕಿಕೊಂಡು ಸಣ್ಣ ಸಣ್ಣ ಗಾಲಿ ಕೂರಿಸುತ್ತಿದ್ದವರ ಕೈಚಳಕ ಕಡಿಮೆಯದಲ್ಲ. ಕ್ವಾರ್ಟ್ಜ್ ಗಡಿಯಾರ ಬಂದ ಮೇಲೆ ಆ ಕೈಚಳಕಕ್ಕೆ ಗಿರಾಕಿ ಕಡಿಮೆಯಾದರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿಗೆ ಕೊಟ್ಟಿತು. ಜಾಗ ಇಸ್ರೋಗೆ ಹೋಯಿತು. ಕೋಡ್ ಟೈಪ್ ಮಾಡುವ ಕೈಚಳಕ ಒಂದನ್ನೇ ನಂಬಿದವರು ಇದನ್ನು ಒಮ್ಮೆ ಯೋಚಿಸಲಿ.

ಮುಂದೆ ಓದುವುದು

"ಕೆಲಸ ಸಿಗಲಿಲ್ಲ, ಅದಕ್ಕೇ ಎಂಟೆಕ್" ಎನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ಎರಡು ವರ್ಷ ಕಳೆದು ಅದೇ ಸಾಲಿನಲ್ಲಿ ನಿಲ್ಲುತ್ತೀರಿ, ವಯಸ್ಸು ಮಾತ್ರ ಜಾಸ್ತಿ. ಗೇಟ್ ಬರೆದು ಐಐಎಸ್‌ಸಿ, ಐಐಟಿ, ಸುರತ್ಕಲ್‌ನ ಎನ್‌ಐಟಿಕೆಗೆ ಹೋಗುವುದಾದರೆ ಬೇರೆ ಮಾತು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಪ್ರತ್ಯೇಕ ಪತ್ರಿಕೆ ಬಂದಿದೆ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಲ್ಲಿ ಗೈಡ್ ನಿಮ್ಮ ಪ್ರತಿ ಸಾಲನ್ನೂ ಪ್ರಶ್ನಿಸುತ್ತಾರೆ. ಎಐ ಬಳಸುವವರಾಗಿ ಮಾತ್ರ ಉಳಿಯದೆ ಅದನ್ನು ಕಟ್ಟುವ ಕಡೆ ಹೋಗಬೇಕು ಎಂದರೆ ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಬೇಕು, ಅದು ಇಂಥ ಕಡೆಯೇ ಗಟ್ಟಿಯಾಗುವುದು.

ಬಿಸಿಎ ಮಾಡಿದವರ ಲೆಕ್ಕ ಬೇರೆ. ಅನೇಕ ಕಂಪನಿಗಳು ಮತ್ತು ಪರೀಕ್ಷೆಗಳು ನಾಲ್ಕು ವರ್ಷದ ಪದವಿ ಅಥವಾ ಎಂಸಿಎ ಕೇಳುತ್ತವೆ. ಎಂಸಿಎ ಈಗ ಎರಡೇ ವರ್ಷ. ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ, ಎನ್‌ಐಟಿಗಳಿಗೆ ನಿಮ್ಸೆಟ್. ಬಿಸಿಎ ನಂತರ ಎಂಸಿಎ ಮಾಡುವುದನ್ನು ನಾನು ಒಪ್ಪುತ್ತೇನೆ, ಬಿಇ ನಂತರ ಯಾವುದೋ ಕಾಲೇಜಿನ ಎಂಟೆಕ್ ಒಪ್ಪುವುದಿಲ್ಲ.

ಸರ್ಕಾರಿ ಪರೀಕ್ಷೆ

ಎಐ ಕಂಡು ಹೆದರಿದವರು ಈಗ ಹೆಚ್ಚು ಓಡುತ್ತಿರುವುದು ಈ ಕಡೆಗೆ. ಲೈಬ್ರರಿ ಸೀಟಿಗೆ ಬೆಳಿಗ್ಗೆಯೇ ಸಾಲು. ಭದ್ರತೆ ಇದೆ, ಗೌರವ ಇದೆ, ಊರಿನ ಹತ್ತಿರ ಇರಬಹುದು. ಅದನ್ನು ಇಲ್ಲ ಎನ್ನಲಾಗದು. ಆದರೆ ಪರೀಕ್ಷೆ ಯಾವಾಗ ನಡೆಯುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಕೆಪಿಎಸ್‌ಸಿ 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪ್ರಿಲಿಮ್ಸ್ ನಡೆಸಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಟ್ಟದಾಗಿತ್ತು. ಡಿಸೆಂಬರ್ 29ರಂದು ಮತ್ತೆ ಬರೆಯಬೇಕಾಯಿತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಓದಿದವರ ತಪ್ಪೇನೂ ಇರಲಿಲ್ಲ, ವರ್ಷಗಳು ಮಾತ್ರ ಹೋದವು.

ಸಿಎಸ್‌ನವರಿಗೆ ಒಂದು ಒಳದಾರಿ ಇದೆ, ಕಡಿಮೆ ಜನ ನೋಡುತ್ತಾರೆ. ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ನಡೆಸುವ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯ ಐಟಿ ಆಫೀಸರ್ ಹುದ್ದೆ. ವಯಸ್ಸು 20ರಿಂದ 30, ಮೀಸಲಾತಿಗೆ ತಕ್ಕ ಸಡಿಲಿಕೆ ಉಂಟು. ಮೂಲ ವೇತನ 48,480 ರೂಪಾಯಿಯಿಂದ ಶುರು. ಬಿಇ ಸಿಎಸ್ ಅಥವಾ ಎಂಸಿಎ ಬೇಕು, ಬರೀ ಬಿಸಿಎ ಸಾಲುವುದಿಲ್ಲ. ಎಲ್ಲ ಪದವೀಧರರೂ ಬರೆಯುವ ಪರೀಕ್ಷೆಗಿಂತ ಇಲ್ಲಿ ಪೈಪೋಟಿಗೆ ಬರುವವರು ಕಡಿಮೆ, ಓದಿದ ವಿಷಯವೂ ಕೈಕೊಡುವುದಿಲ್ಲ.

ನನ್ನ ಸಲಹೆ ಕಟುವಾಗಿದೆ: ಮನೆಯವರ ಜೊತೆ ಕೂತು ಒಂದು ತಾರೀಖು ಬರೆದಿಡಿ. ಎರಡು ವರ್ಷ ಆದ ಮೇಲೆ ಪರೀಕ್ಷೆ ಬರೆಯುತ್ತಲೇ ಬೇರೆ ಕೆಲಸಕ್ಕೆ ಸೇರಬೇಕು. ಮೂರು ವರ್ಷ ಕೋಡ್ ಮುಟ್ಟದೆ ಬಂದವರನ್ನು ಐಟಿ ಕಂಪನಿಗಳು ತೆಗೆದುಕೊಳ್ಳುವುದು ಮೊದಲೇ ಕಷ್ಟ ಇತ್ತು, ಈಗ ಇನ್ನೂ ಕಷ್ಟ. ಈ ನಡುವೆ ಯುವನಿಧಿ ಮರೆಯಬೇಡಿ. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಇಲ್ಲದವರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾಸಿಂಧುವಿನಲ್ಲಿ. ಮುಂದೆ ಓದುತ್ತಿರುವವರಿಗೂ ಅಪ್ರೆಂಟಿಸ್ ಆದವರಿಗೂ ಇದು ಸಿಗುವುದಿಲ್ಲ.

ಊರಲ್ಲೇ ಸ್ವಂತ ಕೆಲಸ

ಎಐ ನಿಜವಾಗಿ ಬಾಗಿಲು ತೆರೆದಿರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಮೊದಲು ಒಂದು ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಲು ಮೂರು ಜನ, ಆರು ತಿಂಗಳು ಬೇಕಿತ್ತು. ಈಗ ಒಬ್ಬರು ಕೆಲವೇ ವಾರದಲ್ಲಿ ಮೊದಲ ರೂಪ ತೋರಿಸಬಹುದು. ತಿಪಟೂರಿನ ಕೊಬ್ಬರಿ ವ್ಯಾಪಾರ, ತುಮಕೂರಿನ ಹುಣಸೆ ಮತ್ತು ಅಡಿಕೆ ವ್ಯಾಪಾರ, ಖಾಸಗಿ ನರ್ಸಿಂಗ್ ಹೋಮ್, ಪಿಯು ಕಾಲೇಜು, ಹಾಲಿನ ಡೇರಿ, ಪತ್ತಿನ ಸಹಕಾರ ಸಂಘ. ಇವರಿಗೆ ಬೇಕಾದದ್ದು ಬೆಂಗಳೂರಿನ ಕಂಪನಿಗಳು ಮಾಡಿಕೊಡುವುದಿಲ್ಲ, ಯಾಕೆಂದರೆ ಗಿರಾಕಿ ಸಣ್ಣವರು. ಕನ್ನಡದಲ್ಲಿ ಬಿಲ್ ಬರಬೇಕು, ಚೀಲದ ತೂಕ ಕಳೆಯಬೇಕು, ರೈತನಿಗೆ ಕೊಟ್ಟ ಮುಂಗಡ ಹಿಡಿಯಬೇಕು, ಹಮಾಲಿ ಬೇರೆ ತೋರಿಸಬೇಕು. ಇದು ಯಾವ ಎಐಗೂ ತಾನಾಗಿ ಗೊತ್ತಾಗುವುದಿಲ್ಲ. ಮಂಡಿಯಲ್ಲಿ ಕೂತು ನೋಡಿದವರಿಗೆ ಗೊತ್ತಾಗುತ್ತದೆ, ಅಂಥ ಮನೆಯಲ್ಲಿ ಹುಟ್ಟಿದವರಿಗೆ ಮೊದಲೇ ಗೊತ್ತಿರುತ್ತದೆ.

ಮಂಡಿ ಯಜಮಾನರು ನಿಮ್ಮ ಕೋಡ್ ನೋಡುವುದಿಲ್ಲ, ಲೆಕ್ಕ ನೋಡುತ್ತಾರೆ. ಹತ್ತು ರೂಪಾಯಿ ಹೆಚ್ಚುಕಮ್ಮಿ ಆದರೆ ಸಂಜೆಯೊಳಗೆ ಫೋನ್ ಬರುತ್ತದೆ. ಆದರೆ ಪಾಸ್‌ವರ್ಡ್ ತೆರೆದಿಟ್ಟಿದ್ದೀರಿ, ಬ್ಯಾಕಪ್ ತೆಗೆದುಕೊಂಡಿಲ್ಲ ಎಂಬಂಥ ತಪ್ಪುಗಳನ್ನು ಯಾರೂ ಹೇಳುವುದಿಲ್ಲ, ಅನಾಹುತ ಆಗುವವರೆಗೆ. ಎಐ ಕೆಲವು ಸಲ ಇಲ್ಲದ ಪ್ಯಾಕೇಜ್‌ನ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ. ಅದೇ ಹೆಸರಿನಲ್ಲಿ ಕಳ್ಳರು ಕೆಟ್ಟ ಕೋಡ್ ಇಟ್ಟಿದ್ದರೆ, ನೀವು ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಿದರೆ, ಹೋಯಿತು. ನರ್ಸಿಂಗ್ ಹೋಮಿನ ರೋಗಿಗಳ ವಿವರ ಸೋರಿದರೆ 2023ರ ಡೇಟಾ ರಕ್ಷಣೆ ಕಾಯ್ದೆಯೂ ಇದೆ. ಹಾಗಾಗಿ ಇದನ್ನು ಮೊದಲ ಕೆಲಸವಾಗಿ ಆರಿಸಬೇಡಿ. ಎರಡು ಮೂರು ವರ್ಷ ಬೇರೆ ಕಡೆ ತಿದ್ದಿಸಿಕೊಂಡು ಬನ್ನಿ. ಅಷ್ಟರವರೆಗೆ ರಜೆಯ ದಿನ ಒಬ್ಬ ಗಿರಾಕಿಯನ್ನು ಇಟ್ಟುಕೊಂಡು ನೋಡಿ. ಹಣ ಒಂದೇ ಸಲ ತೆಗೆದುಕೊಳ್ಳಬೇಡಿ, ವರ್ಷ ವರ್ಷ ನೋಡಿಕೊಳ್ಳುವ ಎಎಂಸಿ ಮಾತಾಡಿ. ಸ್ವಂತ ಕೆಲಸದವರ ಹೊಟ್ಟೆ ತುಂಬುವುದು ಅದರಿಂದಲೇ.

ಹತ್ತಿರ ಸುಳಿಯಬಾರದ ಎರಡು

ಒಂದು, ದುಡ್ಡು ಕೊಟ್ಟು ಕೊಳ್ಳುವ ಕೆಲಸ. "ಬ್ಯಾಕ್‌ಡೋರ್" ಎಂದು ಪಿಸುಗುಟ್ಟಿ ಲಕ್ಷಗಟ್ಟಲೆ ಕೇಳುವವರು ಇದ್ದಾರೆ. ಅಸಲಿ ಕಂಪನಿ ಯಾವುದೂ ಕೆಲಸ ಕೊಡಲು ಡೆಪಾಸಿಟ್ ಕೇಳುವುದಿಲ್ಲ. ಎರಡು, ಸುಳ್ಳು ಅನುಭವದ ಸರ್ಟಿಫಿಕೇಟ್. "ಮೂರು ವರ್ಷ ಅನುಭವ ತೋರಿಸಿದರೆ ಕೆಲಸ ಗ್ಯಾರಂಟಿ" ಎಂದು ಕೆಲವು ತರಬೇತಿ ಕೇಂದ್ರಗಳೇ ಹೇಳಿಕೊಡುತ್ತವೆ. ಪಿಎಫ್ ಖಾತೆಯ ನಂಬರ್ (ಯುಎಎನ್) ಹಿಡಿದು ನೋಡಿದರೆ ಎಲ್ಲಿ ಯಾವಾಗ ಕೆಲಸ ಮಾಡಿದ್ದೀರಿ ಎಂಬುದು ತೆರೆದುಕೊಳ್ಳುತ್ತದೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಮನೆಗೆ ಹೋದವರು ಕಡಿಮೆ ಇಲ್ಲ. ಕೋರ್ಸ್ ಬೇಕೇ ಬೇಕು ಎಂದರೆ ಎನ್‌ಪಿಟೆಲ್ ಎಂಬ ಆನ್‌ಲೈನ್ ತಾಣದಲ್ಲಿ ಪಾಠ ಉಚಿತ, ಪರೀಕ್ಷೆಗೆ 1,000 ರೂಪಾಯಿ. ಎಂಬತ್ತು ಸಾವಿರದ "ಎಐ ಮಾಸ್ಟರ್" ಕೋರ್ಸ್ ಕಟ್ಟುವ ಮೊದಲು ಇದನ್ನು ಮುಗಿಸಿ ನೋಡಿ.

ಹಾಗಾದರೆ ಯಾರಿಗೆ ಯಾವುದು

ಆಫರ್ ಲೆಟರ್ ಕೈಯಲ್ಲಿದೆ, ಜಾಯಿನಿಂಗ್ ಡೇಟ್ ಬರುತ್ತಿಲ್ಲ ಎನ್ನುವ ಬಿಇ ಹುಡುಗರು ಅದನ್ನೇ ಕಾಯುತ್ತಾ ಕೂರಬೇಡಿ. ಮೂರು ತಿಂಗಳು ಕಾದು, ಸಂಬಳ ಅರ್ಧ ಇದ್ದರೂ ಸೀನಿಯರ್ ಇರುವ ಸಣ್ಣ ಕಂಪನಿಗೆ ಸೇರಿ. ಕರೆ ಬಂದರೆ ಆಗ ಎರಡನ್ನೂ ತೂಗಿ ನೋಡಬಹುದು.

ಮೇಲೆ ಶಿಕ್ಷಣ ಸಾಲ ಇದೆ, ತಂಗಿಯ ಫೀಸೂ ಕಟ್ಟಬೇಕು ಎನ್ನುವವರು ದೊಡ್ಡ ಸರ್ವೀಸ್ ಕಂಪನಿ ಸಿಕ್ಕರೆ ಹೋಗಿ, ನಾಚಿಕೆ ಬೇಡ. ಒಳಗೆ ಹೋದ ಮೇಲೆ ಕೋಡ್ ರಿವ್ಯೂ ಇರುವ ಪ್ರಾಜೆಕ್ಟಿಗೆ ದಾರಿ ಹುಡುಕಿ.

ಮನೆಯವರು ಬೆಂಗಳೂರಿಗೆ ಕಳಿಸುವುದಿಲ್ಲ ಎನ್ನುವ ಬಿಸಿಎ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆ ನಾನು ಹೇಳುವುದು ತುಮಕೂರಿನಲ್ಲೇ ಎಂಸಿಎ, ಅದರ ಕೊನೆಯ ಸೆಮಿಸ್ಟರ್‌ನಲ್ಲಿ ವಾರಕ್ಕೆರಡು ದಿನ ಹೋಗಿಬರುವ ಇಂಟರ್ನ್‌ಶಿಪ್. ಜೊತೆಗೆ ಐಟಿ ಆಫೀಸರ್ ಪರೀಕ್ಷೆಗೆ ತಯಾರಿ. ಎಂಸಿಎ ಮುಗಿದ ದಿನ ಕೈಯಲ್ಲಿ ಎರಡು ದಾರಿ ಇದ್ದರೆ ಮನೆಯವರ ಜೊತೆ ಮಾತಾಡುವುದೂ ಸುಲಭ.

ಅಂಕ ಕಡಿಮೆ, ಬ್ಯಾಕ್‌ಲಾಗ್ ಇದ್ದವು, ಕ್ಯಾಂಪಸ್ ಡ್ರೈವ್‌ಗೆ ಕೂರಲು ಬಿಡಲಿಲ್ಲ ಎನ್ನುವವರಿಗೆ ವಸಂತನರಸಾಪುರ. ಅಲ್ಲಿ 60 ಶೇಕಡಾ ಕಟ್‌ಆಫ್‌ಗಿಂತ ನಿಂತ ಲೈನನ್ನು ಮತ್ತೆ ಓಡಿಸಬಲ್ಲಿರಾ ಎಂಬುದೇ ಮುಖ್ಯ. ಮೊದಲು ನ್ಯಾಟ್ಸ್‌ನಲ್ಲಿ ಹೆಸರು ಹಾಕಿ, ಆಮೇಲೆ ಕಾರ್ಖಾನೆಗಳ ಗೇಟಿಗೆ ರೆಸ್ಯೂಮ್ ಹಿಡಿದು ನೇರ ಹೋಗಿ. ಎಚ್‌ಆರ್ ಅವರಿಗಿಂತ ಮೇಂಟೆನೆನ್ಸ್ ಹೆಡ್ ಯಾರು ಎಂದು ಕೇಳಿ ಅವರನ್ನು ನೋಡಿ.